ಮನೆಯಲ್ಲೇ ಐಎನ್‌ಆರ್ ನೋಡುವ ಯಂತ್ರ: ಹೆತ್ತೂರು ಮಳೆಯಲ್ಲಿ ನಾಲ್ಕು ವರ್ಷ

ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ನನ್ನ ಹೃದಯದ ಮೈಟ್ರಲ್ ವಾಲ್ವ್ ಎಂಬ ಕವಾಟವನ್ನು ಕೆಡಿಸಿತ್ತು. 2017ರಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಅದನ್ನು ತೆಗೆದು, ಎಲ್ಲರೂ ಮೆಟಲ್ ವಾಲ್ವ್ ಎನ್ನುವ ಯಾಂತ್ರಿಕ ವಾಲ್ವ್ ಕೂರಿಸಿದರು. ರಾತ್ರಿ ಮಳೆ ನಿಂತು ಮನೆ ಮೌನವಾದಾಗ ಅದರ ಟಿಕ್ ಟಿಕ್ ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ನಾನು ಬದುಕಿರುವಷ್ಟು ದಿನವೂ ವಾರ್ಫರಿನ್ ಮಾತ್ರೆ ನುಂಗಬೇಕು. ಮಾತ್ರೆ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ವಾಲ್ವ್ ಕಟ್ಟಿಕೊಳ್ಳುವ ಭಯ. ಇವೆರಡರ ನಡುವೆ ನಾನು ಎಲ್ಲಿದ್ದೇನೆ ಎಂದು ಹೇಳುವುದು ಪಿಟಿ-ಐಎನ್‌ಆರ್ ಪರೀಕ್ಷೆ; ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದನ್ನು ಅದು ಒಂದು ಅಂಕಿಯಲ್ಲಿ ತಿಳಿಸುತ್ತದೆ. ಈ ಮಾತ್ರೆ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ ಆ ಅಂಕಿ ಸುಮಾರು 1 ಇರುತ್ತದೆ. ನನಗೆ 2.5ರಿಂದ 3.5ರೊಳಗೆ ಇರಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

ಈ ಪರೀಕ್ಷೆಯನ್ನು ಬೆರಳ ತುದಿಯ ಒಂದು ಹನಿ ರಕ್ತದಿಂದ ಮನೆಯಲ್ಲೇ ಮಾಡುವ ಅಂಗೈಯಗಲದ ಯಂತ್ರವನ್ನು 2021ರ ಜೂನ್‌ನಲ್ಲಿ ಕೊಂಡೆವು. ಸಕ್ಕರೆ ಕಾಯಿಲೆಯವರ ಗ್ಲುಕೋಮೀಟರಿನ ದೊಡ್ಡಕ್ಕನಂತಿದೆ. ನಾಲ್ಕು ವರ್ಷಕ್ಕೂ ಮೇಲೆ ಬಳಸಿದ್ದೇನೆ. ನನ್ನಂತೆ ವಾಲ್ವ್ ಹಾಕಿಸಿಕೊಂಡು ಪೇಟೆಯಿಂದ ದೂರ ಇರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಕೊಳ್ಳುವಂತೆ ಮಾಡಿದ್ದು ಒಂದು ಅರ್ಧ ತುಂಬಿದ ಟ್ಯೂಬ್. ಹೆತ್ತೂರು ಕಡೆಯ ನಮ್ಮ ಹಳ್ಳಿಯಿಂದ ಸಕಲೇಶಪುರಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಕೋವಿಡ್‌ನ ಎರಡನೇ ಅಲೆಯ ಲಾಕ್‌ಡೌನಿನಲ್ಲಿ ಆ ಬಸ್ಸೂ ಇರಲಿಲ್ಲ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಲ್ಯಾಬಿಗೆ ಹೇಳಿದೆವು. ಬೈಕಿನಲ್ಲಿ ಬಂದ ಹುಡುಗ ಪಾಪ, ಮಳೆಯಲ್ಲಿ ನೆನೆದಿದ್ದ. ನನ್ನ ನರ ಸಿಗಲಿಲ್ಲ. ಎರಡು ಸಲ ಚುಚ್ಚಿದ ಮೇಲೆ ನೀಲಿ ಮುಚ್ಚಳದ ಟ್ಯೂಬಿಗೆ ರಕ್ತ ಅರ್ಧಕ್ಕಿಂತ ತುಸು ಮೇಲೆ ಬಂದು ನಿಂತಿತು.

“ಗೆರೆಯವರೆಗೆ ಬರಲಿಲ್ಲವಲ್ಲ ತಮ್ಮಾ?” ಎಂದೆ.

“ಇಷ್ಟು ಸಾಕಕ್ಕಾ, ನಡೆಯುತ್ತದೆ” ಎಂದ.

ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು: 4.9. ಡಾಕ್ಟರು ಫೋನಿನಲ್ಲೇ ಎರಡು ದಿನ ಮಾತ್ರೆ ಬಿಡಿ, ಮತ್ತೆ ನೋಡಿಸಿ ಎಂದರು. ಬಿಟ್ಟೆ. ಮೂರನೆಯ ದಿನ ಮನೆಯವರು ಪಾಸ್ ಮಾಡಿಸಿ ಜೀಪಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಸರಿಯಾಗಿ ತುಂಬಿದ ಟ್ಯೂಬಿನಲ್ಲಿ ಬಂದದ್ದು 1.9. ಮೊದಲೇ ಸರಿಯಾಗಿದ್ದ ರಕ್ತವನ್ನು ನಾವೇ ಕೈಯಾರೆ ಅಪಾಯದ ಮಟ್ಟಕ್ಕೆ ಇಳಿಸಿದ್ದೆವು. ಮತ್ತೆ 2.5 ಮುಟ್ಟುವವರೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಹೊಟ್ಟೆಯ ಚರ್ಮಕ್ಕೆ ದಿನಕ್ಕೆರಡು ಹೆಪಾರಿನ್ ಚುಚ್ಚುಮದ್ದು. ಆ ದಿನಗಳಲ್ಲಿ ರಾತ್ರಿಯೆಲ್ಲ ಎದೆಯ ಟಿಕ್ ಟಿಕ್ ಬದಲಾಯಿತೇ ಎಂದು ಕಿವಿಗೊಟ್ಟು ಮಲಗಿದ್ದೇನೆ.

ಆ ನೀಲಿ ಟ್ಯೂಬಿನಲ್ಲಿ ಮೊದಲೇ ಸೋಡಿಯಂ ಸಿಟ್ರೇಟ್ ದ್ರವ ಇರುತ್ತದೆ. ಅದರ ಒಂದು ಪಾಲಿಗೆ ರಕ್ತ ಒಂಬತ್ತು ಪಾಲು ಇರಲೇಬೇಕು. ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟು ಹೆಪ್ಪುಗಟ್ಟದಂತೆ ತಡೆಯುತ್ತದೆ. ಲ್ಯಾಬಿನಲ್ಲಿ ಕ್ಯಾಲ್ಸಿಯಂ ಮತ್ತೆ ಸೇರಿಸಿ, ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟುತ್ತದೆ ಎಂದು ಅಳೆಯುತ್ತಾರೆ. ರಕ್ತ ಕಡಿಮೆಯಾದರೆ ಮಿಕ್ಕ ಸಿಟ್ರೇಟ್ ಆ ಕ್ಯಾಲ್ಸಿಯಮ್ಮನ್ನೂ ನುಂಗುತ್ತದೆ. ಹೆಪ್ಪುಗಟ್ಟುವುದು ತಡವಾಗುತ್ತದೆ, ಅಂಕಿ ಸುಳ್ಳೇ ಏರುತ್ತದೆ. ವಾರ್ಫರಿನ್ ತೆಗೆದುಕೊಳ್ಳುವವರು ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ನೀಲಿ ಟ್ಯೂಬ್ ಗೆರೆ ಮುಟ್ಟದಿದ್ದರೆ ಇನ್ನೊಮ್ಮೆ ತೆಗೆಯಿರಿ ಎಂದು ಪಟ್ಟು ಹಿಡಿಯಿರಿ. ಸಂಕೋಚ ಬೇಡ.

ಯಂತ್ರಕ್ಕೆ ಟ್ಯೂಬಿನ ಗೊಡವೆಯಿಲ್ಲ. ಅದಕ್ಕೆ ಪ್ರತಿ ಸಲ ತೂರಿಸುವ ಸ್ಟ್ರಿಪ್ ಎಂಬ ಸಣ್ಣ ಪಟ್ಟಿಯಲ್ಲೇ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬೊಪ್ಲಾಸ್ಟಿನ್ ಎಂಬ ವಸ್ತು ಲೇಪಿಸಿರುತ್ತಾರೆ. ರಕ್ತ ತಾಗಿದೊಡನೆ ಅದು ಕೆಲಸ ಶುರುಮಾಡುತ್ತದೆ. ಆಗ ರಕ್ತದಲ್ಲಿ ಹುಟ್ಟುವ, ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವದಿಂದ ಏಳುವ ಸಣ್ಣ ವಿದ್ಯುತ್ ಸಂಕೇತವನ್ನು ಯಂತ್ರ ಓದಿ, ಸುಮಾರು ಒಂದು ನಿಮಿಷದಲ್ಲಿ ಅಂಕಿ ತೋರಿಸುತ್ತದೆ. ಬೇಕಾದ ರಕ್ತ 8 ಮೈಕ್ರೊಲೀಟರ್: ಸಾಸಿವೆಗಿಂತ ದೊಡ್ಡ, ಕೊತ್ತಂಬರಿ ಬೀಜಕ್ಕಿಂತ ಚಿಕ್ಕ ಹನಿ.

ಆ ಹನಿ ಬರಿಸುವುದೇ ಮಲೆನಾಡಿನಲ್ಲಿ ಕಷ್ಟ. ಚುಚ್ಚಿದ 15 ಸೆಕೆಂಡಿನೊಳಗೆ ಮೊದಲ ಹನಿ ಸ್ಟ್ರಿಪ್ ಮುಟ್ಟಬೇಕು. ತಡವಾದರೆ ಬೆರಳಿನ ಮೇಲೆಯೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಜೋರಾಗಿ ಹಿಂಡಿದರೆ ಚರ್ಮದಡಿಯ ಅಂಗಾಂಶದ ನೀರು ಬೆರೆತು ಅಂಕಿ ಕೆಡುತ್ತದೆ. ಜುಲೈ ತಿಂಗಳ ಬೆಳಿಗ್ಗೆ ಕೊಟ್ಟಿಗೆಯಿಂದ ಒಳಗೆ ಬಂದ ಕೈ ಐಸಿನಂತಿರುತ್ತದೆ. ಮೊದಲ ಮಳೆಗಾಲದಲ್ಲಿ ನಾಲ್ಕು ಸ್ಟ್ರಿಪ್ ಹೀಗೇ ದಂಡವಾದವು. ಈಗ ನನ್ನ ಕ್ರಮ ಬೇರೆ. ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಕೈಯನ್ನು ಮಣಿಕಟ್ಟಿನವರೆಗೆ ಅದ್ದಿ ಇಟ್ಟುಕೊಳ್ಳುತ್ತೇನೆ, ಬೆರಳು ಕೆಂಪಗಾಗುವವರೆಗೆ. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸುತ್ತೇನೆ, ಏಕೆಂದರೆ ನೀರಿನ ಪಸೆ ಉಳಿದರೂ ಹನಿ ಹರಡಿಹೋಗುತ್ತದೆ. ತೋಳನ್ನು ಕೆಳಗೆ ಇಳಿಬಿಟ್ಟು ಒಂದರಿಂದ ಇಪ್ಪತ್ತು ಎಣಿಸುತ್ತೇನೆ. ಆಮೇಲೆ ಉಂಗುರ ಬೆರಳಿನ ತುದಿಯಲ್ಲಲ್ಲ, ಪಕ್ಕದಲ್ಲಿ ಚುಚ್ಚುತ್ತೇನೆ. ಹನಿ ಮಣಿಯಂತೆ ತಾನೇ ಮೂಡುತ್ತದೆ. ಸ್ಟ್ರಿಪ್‌ನ ಅಂಚಿಗೆ ತಾಗಿಸಿದರೆ ಸರಕ್ಕನೆ ಎಳೆದುಕೊಳ್ಳುತ್ತದೆ. ಈ ವಿಧಾನಕ್ಕೆ ಬಂದ ಮೇಲೆ ವರ್ಷಕ್ಕೆ ಒಂದು ಸ್ಟ್ರಿಪ್ ಹಾಳಾದರೆ ಹೆಚ್ಚು.

ಥಂಡಿ ಯಂತ್ರಕ್ಕೂ ಆಗುವುದಿಲ್ಲ. ನನ್ನದರ ಕೈಪಿಡಿ 18ರಿಂದ 32 ಡಿಗ್ರಿ ಎನ್ನುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಥರ್ಮಾಮೀಟರಿನ ಚಿತ್ರ ತೋರಿಸಿ ಸುಮ್ಮನಾಗುತ್ತದೆ. ಅಡುಗೆಮನೆಯ ಒಲೆಯ ಹತ್ತಿರದ ಕಪಾಟಿನಲ್ಲಿ ಅರ್ಧ ಗಂಟೆ ಇಟ್ಟರೆ ಸರಿಹೋಗುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನು ಒಂದು ತೆಗೆದೊಡನೆ ಬಿಗಿಯಬೇಕು; ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಗಾಳಿ. ತೇವ ಹಿಡಿದ ಸ್ಟ್ರಿಪ್ಪನ್ನು ಯಂತ್ರ ತಾನೇ ಗುರುತಿಸಿ ಎರರ್ ತೋರಿಸಿದ್ದಿದೆ, ತಪ್ಪು ಅಂಕಿ ಕೊಡಲಿಲ್ಲ. ಬ್ಯಾಟರಿಯಲ್ಲಿ ನಡೆಯುವುದರಿಂದ ಗಾಳಿಮಳೆಗೆ ಮೂರು ದಿನ ಕರೆಂಟು ಹೋದರೂ ಚಿಂತೆಯಿಲ್ಲ.

ನನಗೆ ಅತಿ ಹೆಚ್ಚು ಉಪಯೋಗವಾದದ್ದು ಯಂತ್ರಕ್ಕೆ ಜೊತೆಯಾದ ಒಂದು ಹಳೆಯ ಪುಸ್ತಕ. ಕಾಫಿ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದಲ್ಲ, ದಿನಾ ಬೆಳಿಗ್ಗೆ ಅಳೆದು ಎಷ್ಟು ಇಂಚು ಎಷ್ಟು ಸೆಂಟು ಎಂದು ಬರೆಯುವುದು, ಅದೇ. ಪ್ರತಿ ಭಾನುವಾರ ಮನೆಯವರು ಮಳೆ ಬರೆದ ಸಾಲಿನ ಪಕ್ಕದಲ್ಲಿ ನಾನು ಐಎನ್‌ಆರ್ ಬರೆಯತೊಡಗಿದೆ. ಎರಡನೆಯ ವರ್ಷ ಹಿಂದಿನ ಹಾಳೆ ತಿರುವಿದಾಗ ಕಣ್ಣಿಗೆ ಬಿತ್ತು: ಮಳೆ ಮೂರು ನಾಲ್ಕು ಇಂಚು ಸುರಿದ ಆಷಾಢದ ವಾರಗಳಲ್ಲೆಲ್ಲ ನನ್ನ ಅಂಕಿ 2.2, 2.0, 2.1. ಮಳೆಗೂ ರಕ್ತಕ್ಕೂ ಏನು ಸಂಬಂಧ? ಊಟದಲ್ಲಿತ್ತು. ಪೇಟೆಗೆ ಹೋಗಲಾಗದ ಆ ದಿನಗಳಲ್ಲಿ ಹಿತ್ತಲಿನ ಕೆಸುವಿನ ಸೊಪ್ಪು, ಪತ್ರೊಡೆ, ಬಸಳೆ, ಗದ್ದೆ ಬದುವಿನ ಒಂದೆಲಗವೇ ನಮ್ಮ ಪಲ್ಯ, ಸಾರು, ಚಟ್ನಿ. ಹಸಿರು ಸೊಪ್ಪಿನಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಹೇರಳ, ಮತ್ತು ವಾರ್ಫರಿನ್ ಕೆಲಸವೇ ಆ ವಿಟಮಿನ್ ಕೆಯನ್ನು ತಡೆಯುವುದು. ಶ್ರಾವಣ ಶನಿವಾರಗಳ ಉಪವಾಸಕ್ಕೆ ಅದೇ ಅಂಕಿ 3.6ಕ್ಕೆ ಏರಿತ್ತು. ತಿಂಗಳಿಗೊಮ್ಮೆ ಪೇಟೆಯಲ್ಲಿ ನೋಡಿಸುತ್ತಿದ್ದ ನಾಲ್ಕು ವರ್ಷ ಇದು ನನಗಾಗಲಿ ಡಾಕ್ಟರಿಗಾಗಲಿ ತಿಳಿದಿರಲಿಲ್ಲ. ಪುಸ್ತಕ ತೋರಿಸಿದಾಗ ಅವರು ಸೊಪ್ಪು ಬಿಡಬೇಡಿ, ವರ್ಷವಿಡೀ ಒಂದೇ ಅಳತೆಯಲ್ಲಿ ತಿನ್ನಿ ಎಂದರು. ವಾರಕ್ಕೆ ಎರಡು ದಿನ ಸೊಪ್ಪು ಎಂದು ನೇಮ ಮಾಡಿಕೊಂಡೆ. 2023ರಿಂದ ಆಷಾಢದಲ್ಲೂ 2.5ಕ್ಕಿಂತ ಕೆಳಗೆ ಹೋದದ್ದು ಒಂದೇ ಸಲ.

ದನ ಸಾಕುವವಳಾಗಿ ನನಗೆ ಈ ಮಾತ್ರೆಯ ಮೂಲವೂ ಮನಸ್ಸಿಗೆ ತಟ್ಟಿತು. 1920ರ ದಶಕದಲ್ಲಿ ಕೆನಡಾ, ಅಮೆರಿಕದ ಕಡೆ ಬೂಸ್ಟು ಹಿಡಿದ ಒಂದು ಜಾತಿಯ ಮೇವು ತಿಂದ ದನಗಳು ರಕ್ತ ಸುರಿದು ಸತ್ತವು. ಆ ಮೇವಿನಲ್ಲಿದ್ದ ವಸ್ತುವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಪಾಲ್ ಲಿಂಕ್ ತಂಡ ಬೇರ್ಪಡಿಸಿತು. ಅದರ ಜಾಡಿನಲ್ಲೇ ಬಂದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ, 1954ರಲ್ಲಿ ಮನುಷ್ಯರ ಔಷಧವಾಗಿ ಬಳಕೆಗೆ ಬಂತು. ಪರೀಕ್ಷೆಯೇ ಬೇಡದ ಹೊಸ ಮಾತ್ರೆಗಳಿವೆಯಂತಲ್ಲ ಎಂದು ನೆಂಟರು ಕೇಳುತ್ತಾರೆ. ಅವು ಬೇರೆಯವರಿಗೆ ಸರಿ, ಯಾಂತ್ರಿಕ ವಾಲ್ವ್ ಇರುವವರಿಗೆ ಅಲ್ಲ. ಅವುಗಳಲ್ಲಿ ಒಂದಾದ ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪುಗಟ್ಟುವುದೂ ರಕ್ತಸ್ರಾವವೂ ಎರಡೂ ಹೆಚ್ಚಾಗಿ ನಡುವೆಯೇ ನಿಲ್ಲಿಸಿದರು; 2013ರಲ್ಲಿ ಆ ವರದಿ ಬಂತು. ಇನ್ನೊಂದು ಹೊಸ ಮಾತ್ರೆಯಾದ ಅಪಿಕ್ಸಬಾನ್ ಪ್ರಯೋಗವೂ 2022ರಲ್ಲಿ ನಿಂತಿತು. ಹಾಗಾಗಿ ನಮಗೆ ಈ ಹಳೆಯ ಮಾತ್ರೆಯೇ ಗತಿ, ಈ ಪರೀಕ್ಷೆಯೂ ಗತಿ.

ಯಂತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನಾಲ್ಕು ತಿಂಗಳಿಗೊಮ್ಮೆ ಹಾಸನದ ಲ್ಯಾಬಿನಲ್ಲಿ ರಕ್ತ ಕೊಟ್ಟು, ಅದೇ ಹೊತ್ತಿಗೆ ಯಂತ್ರದಲ್ಲೂ ನೋಡುತ್ತೇನೆ. 3.5ರೊಳಗೆ ವ್ಯತ್ಯಾಸ 0.2, 0.3. ಮೇಲೆ ಹೋದಂತೆ ಹೆಚ್ಚುತ್ತದೆ. 2018ರಲ್ಲಿ ಅಮೆರಿಕದಲ್ಲಿ ಇಂಥ ಸ್ಟ್ರಿಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಂಪಡೆದದ್ದೂ 4.5 ಮೀರಿದ ಮೇಲೆ ಹೆಚ್ಚು ತೋರಿಸುತ್ತಿದ್ದ ಕಾರಣಕ್ಕೇ. 2024ರಲ್ಲಿ ಹಲ್ಲಿನ ವಸಡು ಬಾತು ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ತೆಗೆದುಕೊಂಡೆ; ಅದು ವಾರ್ಫರಿನ್‌ನ ಪ್ರಭಾವವನ್ನು ಹೆಚ್ಚಿಸುತ್ತದೆ. ಐದನೆಯ ದಿನ ಉಗುಳಿನಲ್ಲಿ ರಕ್ತ ಕಂಡು ನೋಡಿದರೆ 5.2. ಅಂದೇ ಲ್ಯಾಬಿನಲ್ಲಿ 4.4 ಬಂತು. ಅಂಕಿ ಬೇರೆಯಾದರೂ ಎರಡೂ ಹೇಳಿದ್ದು ಒಂದೇ: ಹೆಚ್ಚಾಗಿದೆ. ಡಾಕ್ಟರು ಹೇಳಿದಂತೆ ಒಂದು ದಿನದ ಮಾತ್ರೆ ಬಿಟ್ಟೆ. ಮೂರನೆಯ ದಿನ 3.3. ನಾನಾಗಿ ಮಾತ್ರೆ ಏರಿಸಿ ಇಳಿಸಿದ್ದು ಇಲ್ಲ, ನೀವೂ ಮಾಡಬೇಡಿ. ರಕ್ತ ಬೇಗ ಹೆಪ್ಪುಗಟ್ಟುವ ಆಂಟಿಫಾಸ್ಫೋಲಿಪಿಡ್ ಎಂಬ ತೊಂದರೆ ಇರುವವರಿಗೆ ಇಂಥ ಯಂತ್ರದ ಅಂಕಿ ನೆಚ್ಚುವಂತಿಲ್ಲವಂತೆ. ಕೊಳ್ಳುವ ಮೊದಲು ಕೇಳಿಕೊಳ್ಳಿ.

ದುಡ್ಡಿನ ಮಾತು. ಯಂತ್ರಕ್ಕೆ ಹಾಲು ಕರೆಯುವ ಒಂದು ಎಮ್ಮೆಯ ಬೆಲೆ ಕೊಟ್ಟೆವು. ಒಂದು ಸ್ಟ್ರಿಪ್‌ನ ಬೆಲೆ ಪೇಟೆಯ ಲ್ಯಾಬಿನ ಒಂದು ಪರೀಕ್ಷೆಗೆ ಹೆಚ್ಚುಕಡಿಮೆ ಸಮ, ಆದರೆ ಬಸ್ಸು ಮತ್ತು ಒಂದು ದಿನದ ಕೆಲಸ ಉಳಿಯುತ್ತದೆ. ಸ್ಟ್ರಿಪ್ ಸಿಗುವುದೇ ದೊಡ್ಡ ತೊಂದರೆ. ತಿಂಗಳ ಮೊದಲೇ ಹೇಳಿ ತರಿಸಬೇಕು. ಒಮ್ಮೆ ಒಂದು ಅಂಗಡಿ ಅವಧಿ ಮುಗಿಯಲು ಐದೇ ವಾರ ಇದ್ದ ಡಬ್ಬಿ ಕಳಿಸಿತ್ತು, ವಾಪಸ್ ಪಡೆಯಲಿಲ್ಲ. ಪಾರ್ಸೆಲ್ ಒಡೆಯುವ ಮೊದಲೇ ದಿನಾಂಕ ನೋಡಿ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದು, ಜನ ಹೆದರಿ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು. ನಮ್ಮೂರಿನಲ್ಲಿ ಅದೇ ವಾರ ಕಾಡಾನೆ ತೋಟದಲ್ಲಿದೆ, ಕತ್ತಲಲ್ಲಿ ಹೊರಡಬೇಡಿ ಎಂದು ಅರಣ್ಯ ಇಲಾಖೆಯ ಸಂದೇಶ. ಭಾನುವಾರ ಹಂಡೆಯ ನೀರಿನಲ್ಲಿ ಕೈ ಅದ್ದಿ, ಚುಚ್ಚಿ, 2.9 ಎಂದು ಬರೆದು ದನ ಕರೆಯಲು ಹೋದೆ.

ಎಲ್ಲರೂ ಎಮ್ಮೆಯ ಬೆಲೆ ಕೊಡಲಾರರು. ವಾಲ್ವ್ ಹಾಕಿಸಿಕೊಂಡ ಕೂಲಿಯ ಹೆಂಗಸರನ್ನು ನಾನು ಬಲ್ಲೆ. ಮೂರು ತಿಂಗಳಾದರೂ ಪರೀಕ್ಷೆ ಮಾಡಿಸದೆ ಮಾತ್ರೆ ನುಂಗುತ್ತಿದ್ದಾರೆ. ಗೋವಾದಲ್ಲಿ ತಯಾರಾಗುವ, ಬ್ಯಾಟರಿಯಲ್ಲಿ ನಡೆಯುವ ಟ್ರೂನಾಟ್ ಯಂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಪ್ಪಿತು, ಕ್ಷಯದ ಪರೀಕ್ಷೆ ಸಣ್ಣ ಆಸ್ಪತ್ರೆಗಳಿಗೂ ಬಂತು. ಐಎನ್‌ಆರ್ ಯಂತ್ರ ಅದಕ್ಕಿಂತ ಚಿಕ್ಕದು. ಹೋಬಳಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಟ್ಟು, ಸಂತೆಯ ದಿನ ಬಂದವರಿಗೆ ಹೊಸ ಸೂಜಿಯಲ್ಲಿ ಒಂದು ಹನಿ ತೆಗೆದು ನೋಡಿದರೆ ಸಾಕು. ಈ ಕೋರಿಕೆಯನ್ನು ಬರೆದು ನಮ್ಮ ಆರೋಗ್ಯ ಕೇಂದ್ರಕ್ಕೆ ಕೊಟ್ಟಿದ್ದೇನೆ, ಮಳೆ ಪುಸ್ತಕದ ನಾಲ್ಕು ಹಾಳೆಗಳ ನಕಲನ್ನೂ ಜೊತೆಗಿಟ್ಟಿದ್ದೇನೆ.