ಗಾದರಿಗೆ ಕಂಬಳಿಯೋ, ಬೇವೋ, ಮಾತ್ರೆಯೋ? ಎರಡು ವರ್ಷದ ನನ್ನ ಲೆಕ್ಕ

ಎರಡು ವರ್ಷದ ಹಿಂದೆ, ಯುಗಾದಿ ಮುಗಿದ ವಾರ. ರಾತ್ರಿ ಹತ್ತರ ಸುಮಾರಿಗೆ ಬಲತೊಡೆ ಸುಮ್ನೆ ಕೆರೆಯಲು ಶುರುವಾಯಿತು. ಸೊಳ್ಳೆ ಇರಬೇಕು ಅಂದುಕೊಂಡೆ. ಅರ್ಧ ಗಂಟೆಯಲ್ಲಿ ಹೊಟ್ಟೆ, ಬೆನ್ನು, ಮೊಣಕೈ ಎಲ್ಲ ಕಡೆ ಕೆಂಪಗೆ ಉಬ್ಬಿದ ಗಾದರಿ. ಮೊದಲು ಕೆರೆತ, ಕೆರೆದ ಮೇಲೆ ಖಾರದಪುಡಿ ಬಿದ್ದ ಹಾಗೆ ಉರಿ. ಬೆಳಿಗ್ಗೆ ಎದ್ದು ನೋಡಿದರೆ ಒಂದೂ ಇಲ್ಲ. ಮರುದಿನ ರಾತ್ರಿ ಮತ್ತೆ ಅದೇ.

ನಾನು ರಾಯಚೂರಿನ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಹೀಗಾಗಿ ಎಲ್ಲರ ಅನುಮಾನ ಮೊದಲು ಹತ್ತಿ ಧೂಳಿನ ಮೇಲೆ ಹೋಯಿತು. ಆಮೇಲೆ ನಮ್ಮ ಬೋರಿನ ಸವುಳು ನೀರಿನ ಮೇಲೆ. ಆಮೇಲೆ ಪಾಪ, ಬದನೆಕಾಯಿ ಮೇಲೆ. ಆ ವರ್ಷ ದಸರಾ ರಜೆಗೆ ಧಾರವಾಡದಲ್ಲಿ ಅಕ್ಕನ ಮನೆಗೆ ಹೋಗಿ ಹತ್ತು ದಿನ ಇದ್ದೆ. ಅಲ್ಲಿ ಗಂಜಿನ ಧೂಳಿಲ್ಲ, ನೀರೂ ಬೇರೆ. ಗಾದರಿ ಮಾತ್ರ ನನ್ನ ಜೊತೆಯೇ ಬಸ್ ಹತ್ತಿ ಬಂದಿತ್ತು.

ಈ ಎರಡು ವರ್ಷದಲ್ಲಿ ಏನೇನು ಮಾಡಿದೆ, ಯಾವುದು ಎಷ್ಟು ಕೆಲಸಕ್ಕೆ ಬಂತು ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಆದರೆ ಲೆಕ್ಕ ಇಡುವುದು ಗೊತ್ತು.

ಮೊದಲ ಮದ್ದು ಕಂಬಳಿ. ನಮ್ಮ ಕಡೆ ಇದು ಎಲ್ಲರ ಮನೆಯ ಮದ್ದು. "ಪಿತ್ತ ಎದ್ದಾವ, ಕಂಬಳಿ ಹೊಚ್ಕೊಂಡು ಮಕ್ಕೋ" ಅಂತ ಅತ್ತೆ ಅಟ್ಟದಿಂದ ಕರಿ ಕಂಬಳಿ ಇಳಿಸಿದರು. ಏಪ್ರಿಲ್ ತಿಂಗಳು, ರಾಯಚೂರು. 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆ ಸೆಖೆಯಲ್ಲಿ ಕಂಬಳಿ ಒಳಗೆ ನಾನು! ನಿಜ ಹೇಳಬೇಕೆಂದರೆ ಮೊದಲ ಐದು ನಿಮಿಷ ಸುಖ. ಒರಟು ಉಣ್ಣೆ ಮೈಗೆ ಉಜ್ಜಿದರೆ ಉಗುರು ತಾಗದೆ ಕೆರೆದ ಹಾಗೆ ಆಗುತ್ತದೆ. ಹತ್ತನೇ ನಿಮಿಷಕ್ಕೆ ಬೆವರು, ಅದರ ಹಿಂದೆಯೇ ಉರಿ ಎರಡು ಪಟ್ಟು. ಹೇಗೋ ಕಣ್ಣು ಹತ್ತಿತು. ಬೆಳಿಗ್ಗೆ ಗಾದರಿ ಇಲ್ಲ. "ನೋಡಿದಿಯಾ?" ಅಂದರು ಅತ್ತೆ. ಏನು ಹೇಳಲಿ? ಕಣ್ಣೆದುರೇ ಹೋಗಿತ್ತಲ್ವಾ.

ಇಲ್ಲೇ ನಾನು ಮೂರು ತಿಂಗಳು ಮೋಸ ಹೋದದ್ದು. ಒಂದು ರಾತ್ರಿ ಅರಿಶಿನ ಹಚ್ಚಿದೆ, ಬೆಳಿಗ್ಗೆ ಹೋಗಿತ್ತು. ಒಂದು ರಾತ್ರಿ ಕೊಬ್ಬರಿ ಎಣ್ಣೆ, ಬೆಳಿಗ್ಗೆ ಹೋಗಿತ್ತು. ಒಂದು ರಾತ್ರಿ ಬೇಜಾರಾಗಿ ಏನೂ ಮಾಡದೆ ಮಲಗಿದೆ. ಬೆಳಿಗ್ಗೆ ಹೋಗಿತ್ತು!

ಆಷಾಢದ ಹೊತ್ತಿಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ಬೆರಳ ಸಂದು ನೋಡಿದರು, ಮನೆಯಲ್ಲಿ ಬೇರೆಯವರಿಗೂ ಕೆರೆತ ಇದೆಯಾ ಅಂತ ಕೇಳಿದರು. ಇದ್ದರೆ ಅದು ಕಜ್ಜಿ ಇರಬಹುದು, ಅದರ ಔಷಧಿಯೇ ಬೇರೆ. ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆಮೇಲೆ ಪೆನ್ನಿನ ಮೊಂಡು ತುದಿಯಿಂದ ನನ್ನ ಮುಂಗೈ ಮೇಲೆ ಒಂದು ಗೆರೆ ಎಳೆದು, ಬಾಕಿ ಪ್ರಶ್ನೆ ಕೇಳುತ್ತಾ ಕೂತರು. ಐದು ನಿಮಿಷಕ್ಕೆ ಆ ಗೆರೆ ಹಗ್ಗದ ಹಾಗೆ ಉಬ್ಬಿ ನಿಂತಿತು. ಲಂಗದ ಲಾಡಿ ಕಟ್ಟಿದ ಜಾಗದಲ್ಲಿ, ಬ್ಯಾಗ್ ತೂಗುವ ಭುಜದ ಮೇಲೆ ಯಾಕೆ ಜಾಸ್ತಿ ಏಳುತ್ತಿತ್ತು ಅಂತ ಆವತ್ತು ತಿಳಿಯಿತು.

ಹೆಸರು ಕ್ರಾನಿಕ್ ಸ್ಪಾಂಟೇನಿಯಸ್ ಅರ್ಟಿಕೇರಿಯಾ. ಆರು ವಾರ ದಾಟಿಯೂ ಬಿಡದಿದ್ದರೆ ಕ್ರಾನಿಕ್. ಹೊರಗಿನ ಕಾರಣ ಸಿಗದಿದ್ದರೆ ಸ್ಪಾಂಟೇನಿಯಸ್, ಅಂದರೆ ತನ್ನಷ್ಟಕ್ಕೆ ಬರುವುದು. ಪಿತ್ತ ಅಂತ ನಾವು ಕರೆದರೂ ಪಿತ್ತಕೋಶಕ್ಕೂ ಇದಕ್ಕೂ ಸಂಬಂಧ ಇಲ್ಲ. ಚರ್ಮದಲ್ಲಿರುವ ಮಾಸ್ಟ್ ಸೆಲ್ ಎಂಬ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ. ಸಣ್ಣ ರಕ್ತನಾಳಗಳಿಂದ ನೀರು ಜಿನುಗಿ ಚರ್ಮ ಉಬ್ಬುತ್ತದೆ, ಕೆರೆಯುತ್ತದೆ. ಬಹಳ ಜನರಲ್ಲಿ ಆ ಕೋಶಗಳನ್ನು ಕೆಣಕುವುದು ಅವರದೇ ದೇಹದ ರೋಗನಿರೋಧಕ ವ್ಯವಸ್ಥೆ. ಒಂದು ಗಾದರಿ 24 ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ, ಇನ್ನೊಂದು ಬೇರೆ ಕಡೆ ಏಳುತ್ತದೆ.

ಈ 24 ಗಂಟೆಯ ಮಾತು ಕೇಳಿ ನನಗೆ ನಗು ಬಂತು. ರಾತ್ರಿ ಏನು ಹಚ್ಚಿದರೂ ಬೆಳಿಗ್ಗೆ ಅದಕ್ಕೇ ಹೆಸರು ಬರುತ್ತದೆ. ಹಾಗಾದರೆ ಯಾವುದು ನಿಜವಾಗಿ ಕೆಲಸ ಮಾಡಿತು ಅಂತ ತಿಳಿಯುವುದು ಹೇಗೆ? ಡಾಕ್ಟರೇ ಒಂದು ದಾರಿ ಹೇಳಿದರು. ದಿನಕ್ಕೆ ಎರಡು ಅಂಕ. ಗಾದರಿ ಇಲ್ಲದಿದ್ದರೆ 0, ಇಪ್ಪತ್ತಕ್ಕಿಂತ ಕಮ್ಮಿ ಇದ್ದರೆ 1, ಇಪ್ಪತ್ತರಿಂದ ಐವತ್ತಾದರೆ 2, ಅದಕ್ಕಿಂತ ಜಾಸ್ತಿ ಇದ್ದರೆ 3. ಕೆರೆತಕ್ಕೂ ಹೀಗೇ 0ಯಿಂದ 3. ವಾರಕ್ಕೆ ಕೂಡಿದರೆ ಗರಿಷ್ಠ 42. ಅಂಗಡಿಯ ಹಳೇ ರೋಜು ಪುಸ್ತಕ ಒಂದು ಖಾಲಿ ಇತ್ತು. ಶುರು ಮಾಡಿದೆ. ಏನೂ ಮಾಡದ ಎರಡು ವಾರ 29, 31 ಬಂತು. ಇನ್ನು ಮುಂದೆ ಪ್ರತಿ ಮದ್ದಿಗೂ ಕನಿಷ್ಠ ಎರಡು ವಾರ ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ.

ಡಾಕ್ಟರು ದಿನಾ ಒಂದು ಮಾತ್ರೆ ತಗೊಳ್ಳಿ ಅಂತ ಬರೆದು ಕೊಟ್ಟಿದ್ದರು. ನಾನು ತಗೊಳ್ಳಲಿಲ್ಲ. ಅಭ್ಯಾಸ ಆಗಿಬಿಡುತ್ತೆ ಅನ್ನುವ ಭಯ. ನಾಲ್ಕು ತಿಂಗಳು ತಡವಾಗಿ ಅವರ ಮಾತು ಕೇಳಿದೆ, ಅದಕ್ಕೇ ಈ ಹೋಲಿಕೆ ಇಷ್ಟು ಉದ್ದ.

ಬೇವಿನಿಂದ ಶುರು. ಎಲೆ ಕುದಿಸಿ ಬಿಸಿನೀರಿನ ಸ್ನಾನ ಮಾಡಿದರೆ ಮೈಮೇಲೆ ಬಿದ್ದಾಗ ಹಾಯ್ ಅನ್ನಿಸುತ್ತದೆ, ಒರೆಸಿಕೊಂಡ ಮೇಲೆ ಕೆರೆತ ಕೆರಳುತ್ತದೆ. ಬಿಸಿನೀರಿನದೇ ಆ ಗುಣ. ಆರಿಸಿದ ಬೇವಿನ ನೀರು ಚೆನ್ನಾಗಿತ್ತು. ಬೇವು ಗೆದ್ದಿತು ಅಂತ ಬರೆಯಬೇಕು ಅನ್ನುವಷ್ಟರಲ್ಲಿ ತಲೆಗೆ ಒಂದು ಯೋಚನೆ ಬಂತು. ಬಲಗೈಗೆ ಬೇವಿನ ನೀರಿನ ಬಟ್ಟೆ, ಎಡಗೈಗೆ ಮಡಕೆಯ ಬರೀ ನೀರಿನ ಬಟ್ಟೆ ಸುತ್ತಿದೆ. ಐದು ರಾತ್ರಿ ಹಾಗೆ ಮಾಡಿದೆ. ಎರಡೂ ಕೈ ಒಂದೇ ಹೊತ್ತಿಗೆ ತಣ್ಣಗಾದವು. ಅಂದರೆ ಕೆಲಸ ಮಾಡಿದ್ದು ತಂಪು, ಬೇವಲ್ಲ. ವಾರದ ಮೊತ್ತ 28. ತಣ್ಣನೆ ಬಟ್ಟೆಯನ್ನು ಈಗಲೂ ಬಿಟ್ಟಿಲ್ಲ, ಎಲೆ ಕುದಿಸುವುದನ್ನು ಬಿಟ್ಟಿದ್ದೇನೆ. ಒಂದು ಮಾತು: ಕೆಲವರಿಗೆ ತಂಪಿನಿಂದಲೇ ಗಾದರಿ ಏಳುತ್ತದೆ. ಅಂಥವರು ಇದನ್ನು ಮಾಡಲೇಬಾರದು.

ಕ್ಯಾಲಮೈನ್ ಮತ್ತು ಮೆಂಥಾಲ್ ಲೋಷನ್ನನ್ನೂ ಹೀಗೇ ಎಡಗೈ ಬಲಗೈ ಮಾಡಿ ನೋಡಿದೆ. ಮೆಂಥಾಲ್ ಥಟ್ಟನೆ ತಂಪು, ಆದರೆ ಕೆರೆದು ಗೀರಾದ ಜಾಗಕ್ಕೆ ತಾಗಿದರೆ ಕಣ್ಣಲ್ಲಿ ನೀರು. ಕ್ಯಾಲಮೈನ್ ನಿಧಾನ, ಮೆತ್ತಗೆ, ಬ್ಲೌಸಿಗೆಲ್ಲ ಗುಲಾಬಿ ಬಣ್ಣ. ಇವೆರಡರಲ್ಲಿ ನಾನು ಕ್ಯಾಲಮೈನ್ ಕಡೆ.

ಪಥ್ಯದ ಕಥೆ ದೊಡ್ಡದು. ನಮ್ಮಲ್ಲಿ ಮೈ ಕೆರೆದರೆ ಮೊದಲು ನಂಜಿನ ಮಾತು. ಬದನೆಕಾಯಿ ನಂಜು, ಶೇಂಗಾ ನಂಜು, ಮೊಸರು ಬೇಡ, ಹುಳಿ ಬೇಡ. ಜೋಳದ ರೊಟ್ಟಿಗೆ ಎಣಗಾಯಿ ಇಲ್ಲ, ಶೇಂಗಾ ಹಿಂಡಿ ಇಲ್ಲ ಅಂದರೆ ಮತ್ತೆ ಉಳಿದಿದ್ದೇನು? ಮೂರು ವಾರ ಬೇಳೆಕಟ್ಟು, ರೊಟ್ಟಿ ತಿಂದೆ. ಎರಡು ಕೆಜಿ ಇಳಿದೆ. ಮೊತ್ತ ಮಾತ್ರ 27ಕ್ಕಿಂತ ಕೆಳಗಿಳಿಯಲಿಲ್ಲ. ಇದರ ನಡುವೆ ಯಾರೋ ಹೇಳಿದರು ಅಂತ ಒಂದು ಲ್ಯಾಬಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಅಲರ್ಜಿ ಪ್ಯಾನೆಲ್ ಮಾಡಿಸಿದೆ. ಉದ್ದದ ಪಟ್ಟಿ ಬಂತು, ಅದರಲ್ಲಿ ಸೀಗಡಿ ಇತ್ತು. ನಮ್ಮ ಮನೆಯವರು ಸೀಗಡಿಯ ಮುಖ ನೋಡಿದವರಲ್ಲ. ಡಾಕ್ಟರು ಆ ಪಟ್ಟಿಯನ್ನು ಪಕ್ಕಕ್ಕಿಟ್ಟರು. ಆಹಾರದ ಅಲರ್ಜಿಯಾದರೆ ತಿಂದ ಕೂಡಲೇ, ಹೆಚ್ಚೆಂದರೆ ಒಂದೆರಡು ಗಂಟೆಯಲ್ಲಿ ಗೊತ್ತಾಗುತ್ತದೆ, ತಿಂದಾಗಲೆಲ್ಲ ಬರುತ್ತದೆ. ತಿಂಗಳುಗಟ್ಟಲೆ ದಿನಾ ರಾತ್ರಿ ಏಳುವ ಗಾದರಿಗೆ ಆಹಾರ ಕಾರಣವಾಗುವುದು ತೀರಾ ಕಮ್ಮಿ ಅಂದರು. ಅವರು ಮಾಡಿಸಿದ್ದು ರಕ್ತದ ಸಾಮಾನ್ಯ ಪರೀಕ್ಷೆ ಮತ್ತು ಥೈರಾಯ್ಡ್ ಅಷ್ಟೇ. ಅವತ್ತು ಮನೆಗೆ ಬಂದು ಎಣಗಾಯಿ ಮಾಡಿಕೊಂಡು ತಿಂದೆ. ಆ ಎಣಗಾಯಿಗೂ ಅಂಕ ಇದ್ದಿದ್ದರೆ ಹತ್ತಕ್ಕೆ ಹತ್ತು.

ಆಹಾರದಲ್ಲಿ ಸಿಗದ ಕೆಣಕುವ ವಸ್ತು ನೋವಿನ ಮಾತ್ರೆಯಲ್ಲಿ ಸಿಕ್ಕಿತು. ಸೊಂಟ ಹಿಡಿದಿತ್ತು ಅಂತ ಎರಡು ದಿನ ಡೈಕ್ಲೋಫೆನಾಕ್ ನುಂಗಿದ್ದೆ. ಆ ಎರಡು ದಿನ ಪುಸ್ತಕದಲ್ಲಿ ಆರಕ್ಕೆ ಆರು, ಮೇಲೆ ತುಟಿ ಬಾತದ್ದು ಬೇರೆ. ಆಸ್ಪಿರಿನ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳು ಕೆಲವರಲ್ಲಿ ಗಾದರಿ ಹೆಚ್ಚಿಸುತ್ತವೆ. ಈಗ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ತುಟಿ, ಕಣ್ಣರೆಪ್ಪೆ ಬಾತರೆ ಹೆದರಿಕೆ ಆಗುತ್ತದೆ, ಸಾಮಾನ್ಯವಾಗಿ ಇಳಿಯುತ್ತದೆ. ನಾಲಿಗೆ, ಗಂಟಲು ಬಾತರೆ, ಉಸಿರು ಕಟ್ಟಿದರೆ ಮಾತ್ರ ಮನೆಯಲ್ಲಿ ಒಂದು ನಿಮಿಷವೂ ಕೂರಬೇಡಿ. ಸೀದಾ ಆಸ್ಪತ್ರೆ.

ಟ್ಯೂಬಿನ ವಿಷಯ ಬರೆಯಲು ನಾಚಿಕೆ. ಡಾಕ್ಟರಿಗೂ ಮುಂಚೆ, ಒಂದು ಔಷಧಿ ಅಂಗಡಿಯಲ್ಲಿ "ಕೆರೆತಕ್ಕೆ ಏನಾದರೂ ಕೊಡಿ" ಅಂದಿದ್ದೆ. ಕ್ಲೊಬೆಟಸಾಲ್, ಜೊತೆಗೆ ಹುಳಕಡ್ಡಿ ಔಷಧಿ, ಜೊತೆಗೆ ಆಂಟಿಬಯಾಟಿಕ್, ಎಲ್ಲ ಸೇರಿಸಿದ ಟ್ಯೂಬ್. ಗಾದರಿಗೆ ಅದರಿಂದ ಏನೂ ಆಗಲಿಲ್ಲ. ಆದರೆ ಸೊಂಟದಲ್ಲಿ ಬೆವರಿಗೆ ಸಣ್ಣ ಹುಳಕಡ್ಡಿ ಬೇರೆ ಆಗಿತ್ತು ಅನ್ನಿಸುತ್ತೆ, ಅದಕ್ಕೂ ಹಚ್ಚುತ್ತಾ ಹೋದೆ. ಮೊದಲ ವಾರ ಕೆಂಪು ಮಾಯ. ಬಿಟ್ಟ ಕೂಡಲೇ ಅಂಗೈಯಗಲ ಹರಡಿತು. ಸ್ಟೀರಾಯ್ಡ್ ಕೆಂಪನ್ನು ಮುಚ್ಚುತ್ತದೆ, ಒಳಗೆ ಶಿಲೀಂಧ್ರ ಆರಾಮಾಗಿ ಬೆಳೆಯುತ್ತದೆ. ಕ್ಲೊಬೆಟಸಾಲ್ ಅತಿ ಗಟ್ಟಿ ಸ್ಟೀರಾಯ್ಡ್. ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬರೆ ಬೀಳುತ್ತದೆ. ನನ್ನದು ವಾಸಿಯಾಗಲು ವಾರಗಟ್ಟಲೆ ಮಾತ್ರೆ ನುಂಗಬೇಕಾಯಿತು. ಈ ಹೋಲಿಕೆಯಲ್ಲಿ ಕೊನೇ ಸ್ಥಾನ ಕಂಬಳಿಗಲ್ಲ, ಈ ಟ್ಯೂಬಿಗೆ. ಕಂಬಳಿ ಹೊಸ ರೋಗವನ್ನಾದರೂ ತರಲಿಲ್ಲ.

ಫ್ಯಾನ್, ಕೂಲರ್ ಬಗ್ಗೆ ಎರಡು ಮಾತು. ಏಪ್ರಿಲ್, ಮೇ ತಿಂಗಳ ಒಣ ಗಾಳಿಗೆ ಕೂಲರ್ ದೇವರು. ಮಳೆ ಶುರುವಾಗಿ ಗಾಳಿಯಲ್ಲಿ ತೇವ ತುಂಬಿದರೆ ಅದೇ ಕೂಲರ್ ಮೈಯನ್ನು ಅಂಟಂಟು ಮಾಡುತ್ತದೆ, ಆಗ ಬರೀ ಫ್ಯಾನೇ ವಾಸಿ. ಬೇಸಿಗೆಯಲ್ಲಿ ಮಾಳಿಗೆ ಟ್ಯಾಂಕಿನ ನೀರು ಮಧ್ಯಾಹ್ನ ಮುಟ್ಟಲಾಗುವುದಿಲ್ಲ, ಹಾಗಾಗಿ ಸ್ನಾನ ಬೆಳಿಗ್ಗೆ ಐದೂವರೆಗೆ. ಲಾಡಿ ಬಿಗಿ ಕಟ್ಟುವುದು ಬಿಟ್ಟೆ, ನೈಲಾನ್ ನೈಟಿ ಬಿಟ್ಟೆ.

ಇನ್ನು ಮಾತ್ರೆ. ಮೊದಲು ಕೆರೆದಾಗ ಮಾತ್ರ ಒಂದು ಸೆಟಿರಿಜಿನ್ 10 ಮಿಲಿಗ್ರಾಂ, ಹಿಸ್ಟಮಿನ್ ಕೆಲಸ ತಡೆಯುವ ಅಲರ್ಜಿ ಮಾತ್ರೆ. ಗಾದರಿ ಎದ್ದಾದ ಮೇಲೆ ನುಂಗಿದರೆ ಅದು ಕೆಲಸ ಶುರು ಮಾಡುವವರೆಗೂ ಕೆರೆದುಕೊಳ್ಳುವುದೇ. ಮೊತ್ತ 22. ಕಡೆಗೆ ದೀಪಾವಳಿ ಆದಮೇಲೆ ದಿನಾ ರಾತ್ರಿ ಒಂಬತ್ತಕ್ಕೆ, ಗಾದರಿ ಇರಲಿ ಬಿಡಲಿ, ತಗೊಳ್ಳಲು ಶುರು ಮಾಡಿದೆ. ಅದೇ ಮಾತ್ರೆ, ಅದೇ ಅಳತೆ. ಮೊದಲ ವಾರ 15. ಮೂರನೇ ವಾರ 6. ನಾನು ಆ ಪುಟ ಮೂರು ಸಲ ಕೂಡಿ ನೋಡಿದೆ. ಹಿಸ್ಟಮಿನ್ ಬಂದು ಕೂರುವ ಜಾಗದಲ್ಲಿ ಮೊದಲೇ ಮಾತ್ರೆ ಕೂತಿದ್ದರೆ ಬಂದದ್ದಕ್ಕೆ ಜಾಗವಿಲ್ಲ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ.

ಆದರೆ ಸೆಟಿರಿಜಿನ್ ನನಗೆ ಬೆಳಿಗ್ಗೆ ಹನ್ನೊಂದರ ತನಕ ತೂಕಡಿಕೆ ತಂತು. ಒಂದು ದಿನ ಹತ್ತಿಯ ಲೆಕ್ಕದಲ್ಲಿ ಒಂದು ಸೊನ್ನೆ ಜಾಸ್ತಿ ಹಾಕಿ ಮಾಲೀಕರ ಕೈಲಿ ಬೈಸಿಕೊಂಡೆ. ಡಾಕ್ಟರು ಅದೇ ಜಾತಿಯ ಫೆಕ್ಸೊಫೆನಡಿನ್ 180 ಮಿಲಿಗ್ರಾಂಗೆ ಬದಲಿಸಿದರು. ನಿದ್ದೆಯ ಕಾಟ ಹೋಯಿತು, ಅಂಕ ಹಾಗೇ ಇತ್ತು. ಇದನ್ನು ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ತಗೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬೆಲೆಯಲ್ಲಿ ಸೆಟಿರಿಜಿನ್ ಅಗ್ಗ, ಇದು ದುಬಾರಿ. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ಅಲ್ಲಿ ಕಮ್ಮಿಗೆ ಸಿಗುತ್ತದೆ. ರಾತ್ರಿ ನಿದ್ದೆಯೇ ಇಲ್ಲದವರಿಗೆ, ಹಗಲು ಮನೆಯಲ್ಲೇ ಇರುವವರಿಗೆ ಸೆಟಿರಿಜಿನ್ ಸಾಕು ಅನ್ನುತ್ತೇನೆ. ಗಾಡಿ ಓಡಿಸುವವರಿಗೆ, ಲೆಕ್ಕ ಬರೆಯುವವರಿಗೆ ಫೆಕ್ಸೊಫೆನಡಿನ್.

ಒಂದರಿಂದ ಆಗದಿದ್ದರೆ ಡಾಕ್ಟರು ಇಂಥ ಮಾತ್ರೆಯನ್ನು ನಾಲ್ಕು ಪಟ್ಟಿನವರೆಗೂ ಏರಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮಾಬ್ ಅನ್ನುವ ಇಂಜೆಕ್ಷನ್ ಇದೆ. ಅದೆಲ್ಲ ಅವರ ಕೆಲಸ, ನಾವೇ ಏರಿಸಿಕೊಳ್ಳುವುದಲ್ಲ. ನಾನು ಮಾಡಿದ ಒಂದೇ ಜಾಣತನ ಅಂದರೆ ಕೆಂಪು ಪೆನ್ನು. ಗಾದರಿಯ ಸುತ್ತ ಗೆರೆ ಎಳೆದು ಹೊತ್ತು ಬರೆದಿಡುತ್ತಿದ್ದೆ. ಒಂದೇ ಜಾಗದಲ್ಲಿ 24 ಗಂಟೆ ದಾಟಿ ಉಳಿದರೆ, ಕೆರೆತಕ್ಕಿಂತ ನೋವು ಜಾಸ್ತಿ ಇದ್ದರೆ, ಇಳಿದ ಮೇಲೆ ಕಂದು ಕಲೆ ಬಿಟ್ಟರೆ ಅದು ಬೇರೆ ಕಾಯಿಲೆ ಇರಬಹುದು, ಪರೀಕ್ಷೆ ಬೇಕು. ನನ್ನವು ಎಲ್ಲ ಗಡುವಿನೊಳಗೆ ಇಳಿದವು.

ಈಗ ವಾರದ ಮೊತ್ತ ಎರಡೋ ಮೂರೋ. ಕಾರಣ ಇವತ್ತಿಗೂ ಸಿಕ್ಕಿಲ್ಲ. ಹೋದ ತಿಂಗಳಿಂದ ಡಾಕ್ಟರು ಮಾತ್ರೆ ಇಳಿಸುತ್ತಿದ್ದಾರೆ. ಅತ್ತೆಯ ಲೆಕ್ಕದಲ್ಲಿ ಇದೆಲ್ಲ ಕಂಬಳಿಯ ಪ್ರತಾಪ, ನಿಧಾನಕ್ಕೆ ಬೇರಿನಿಂದ ಹೋಗುತ್ತಿದೆ ಅಷ್ಟೇ. ಕಳೆದ ವಾರ ಪಕ್ಕದ ಮನೆಯ ಹುಡುಗಿಗೆ ರಾತ್ರಿ ಮೈತುಂಬ ಗಾದರಿ ಎದ್ದಿತ್ತು. ಅತ್ತೆ ನನ್ನನ್ನು ಕೇಳದೆಯೇ ಕಂಬಳಿ ಕೊಟ್ಟು ಕಳಿಸಿದರು. ಬೆಳಿಗ್ಗೆ ನೋಡಿದರೆ ಒಂದೂ ಇರಲಿಲ್ಲವಂತೆ.