ಪದ್ಮಿನಿಗೆ ಪವರ್ ವಿಂಡೋ: ಬಲಗಡೆ ಒಂದು ಕಿಟ್, ಎಡಗಡೆ ಇನ್ನೊಂದು

ಅಪ್ಪನಿಗೆ 74 ವರ್ಷ. ಬಲಭುಜ ಹಿಡಿದುಕೊಂಡಿದೆ. ಗೇರು ಎಡಗೈಯಲ್ಲಿ, ಸ್ಟೀರಿಂಗ್ ಪಕ್ಕದಲ್ಲೇ ಇರುವುದರಿಂದ ಓಡಿಸೋಕೆ ತೊಂದರೆ ಇಲ್ಲ. ಗಾಜಿನ ಹ್ಯಾಂಡಲ್ ಸುತ್ತುವಾಗ ಮಾತ್ರ ಹಲ್ಲು ಕಚ್ಚುತ್ತಾರೆ. ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ಅದನ್ನು ಮಾರುವ ಮಾತು ನಮ್ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ಹಾಗಾಗಿ ಪವರ್ ವಿಂಡೋ ಹಾಕಿಸೋಣ ಅಂತ ಹೊರಟೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಥರದ ಕಿಟ್ ಸಿಕ್ಕಿತು. ಯಾವುದು ಒಳ್ಳೆಯದು ಅಂತ ನಾಲ್ಕು ಅಂಗಡಿಯಲ್ಲಿ ಕೇಳಿದರೆ ನಾಲ್ಕು ಉತ್ತರ. ಕೊನೆಗೆ ಎರಡನ್ನೂ ತಂದು, ಬಲಗಡೆ ಬಾಗಿಲಿಗೆ ಒಂದು, ಎಡಗಡೆಗೆ ಇನ್ನೊಂದು ಹಾಕಿದೆ. ಹುಚ್ಚು ಅಂದರೆ ಹುಚ್ಚೇ. ಆದರೆ ಒಂದೇ ಗಾಡಿ, ಒಂದೇ ಬ್ಯಾಟರಿ, ಹೋಲಿಸೋಕೆ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ.

ಬಲಗಡೆ ಹಾಕಿದ್ದು ಗಾಜು ಏರಿಸಿ ಇಳಿಸುವ ಹಳೇ ಗ್ಲಾಸ್ ಮಷಿನ್ ಹಾಗೇ ಬಿಟ್ಟು, ಅದನ್ನೇ ತಿರುಗಿಸುವ ಕಿಟ್. ಹ್ಯಾಂಡಲ್ ಬಿಚ್ಚಿದರೆ ಹಲ್ಲಿರುವ ಶಾಫ್ಟ್ ಉಳಿಯುತ್ತದಲ್ಲ, ಅದಕ್ಕೆ ಅಡಾಪ್ಟರ್ ತೊಡಿಸಬೇಕು. ನಮ್ಮ ಕೈ ಮಾಡುತ್ತಿದ್ದ ಕೆಲಸವನ್ನು ಮೋಟಾರ್ ಮಾಡುತ್ತದೆ, ಅಷ್ಟೇ. ಪ್ಯಾಕೆಟ್ಟಿನಲ್ಲಿ ಏಳೆಂಟು ಅಡಾಪ್ಟರ್ ಇದ್ದವು. ಒಂದೂ ಸರಿಯಾಗಿ ಕೂರಲಿಲ್ಲ. ಹತ್ತಿರದ್ದನ್ನು ಹಾಕಿದೆ, ಎರಡೇ ದಿನಕ್ಕೆ ಹಲ್ಲು ಜಾರಿ ಕಟಕಟ ಶುರುವಾಯಿತು. ಹ್ಯಾಂಡಲನ್ನೇ ಲೇತ್ ಅಂಗಡಿಗೆ ಒಯ್ದು, ಅದರ ಅಳತೆಗೆ ಶಾಫ್ಟಿಗೆ ತೊಡಿಸುವ ಒಂದು ಬುಷ್ ಮಾಡಿಸಿಕೊಂಡು ಬಂದೆ. ಆಮೇಲೆ ಸದ್ದಿಲ್ಲ.

ಎಡಗಡೆಗೆ ಹೋಗಿದ್ದು ಕೇಬಲ್ ಕಿಟ್. ಇದರಲ್ಲಿ ಹಳೇ ಮಷಿನ್ ಪೂರ್ತಿ ಹೊರಗೆ. ಉದ್ದನೆಯ ಕಬ್ಬಿಣದ ಹಳಿ, ಅದರ ಮೇಲೆ ಜಾರುವ ಪ್ಲೇಟು, ಪ್ಲೇಟನ್ನು ಎಳೆಯುವ ತಂತಿ. ಗಾಜಿನ ಬುಡ ಆ ಪ್ಲೇಟಿನ ಮೇಲೆ ಕೂರಬೇಕು. ಬಾಗಿಲೊಳಗೆ ಜಾಗ ಕಡಿಮೆ. ಗಾಜು ಕೆಳಗಿಳಿದಾಗ ಮೋಟಾರಿಗೆ ಬಡಿಯುತ್ತದೋ ಇಲ್ಲವೋ ಹೊರಗಿಂದ ಕಾಣುವುದೂ ಇಲ್ಲ. ಅಡುಗೆಮನೆಯಿಂದ ಒಂದು ಉಂಡೆ ಚಪಾತಿ ಹಿಟ್ಟು ತಂದು ಮೋಟಾರಿನ ಮೇಲೆ ಮೆತ್ತಿ, ಗಾಜನ್ನು ಕೈಯಲ್ಲಿ ಮೆಲ್ಲಗೆ ಇಳಿಸಿದೆ. ಹೊರತೆಗೆದು ನೋಡಿದರೆ ಹಿಟ್ಟು ಕಾಗದದಷ್ಟು ತೆಳ್ಳಗೆ ಒತ್ತಿಕೊಂಡಿತ್ತು. ಮೋಟಾರನ್ನು ಮುಂದಕ್ಕೆ ಸರಿಸಿ ಮತ್ತೆ ಹಿಟ್ಟು, ಮತ್ತೆ ಗಾಜು. ಮೂರನೇ ಸಲಕ್ಕೆ ಬೆರಳಿನಷ್ಟು ಅಂತರ ಸಿಕ್ಕಿತು. "ರಾತ್ರಿ ಚಪಾತಿ ಲೆಕ್ಕಕ್ಕೆ ಒಂದು ಕಮ್ಮಿ" ಅಂತ ಅಮ್ಮ ಆಗಲೇ ಹೇಳಿಬಿಟ್ಟರು.

ಬಟನ್ ಒತ್ತಿ ಗಡಿಯಾರ ನೋಡಿದೆ. ಎಡಗಡೆ ಗಾಜು ಏರಲು 5 ಸೆಕೆಂಡು, ಬಲಗಡೆಯದಕ್ಕೆ 9. ಇಷ್ಟು ನೋಡಿದರೆ ಕೇಬಲ್ ಕಿಟ್ಟೇ ಗೆದ್ದಂತೆ, ಅಲ್ವಾ? ನಾನೂ ಹಾಗೇ ಅಂದುಕೊಂಡೆ.

ಆದರೆ ಬಲಗಡೆ ನಿಧಾನಕ್ಕೆ ಕಾರಣ ಬೇರೆಯೇ ಇತ್ತು. ಒಂದು, ಗಾಜು ಓಡಾಡುವ ಚಾನೆಲ್. ಅದರೊಳಗಿನ ಬಟ್ಟೆ ಗಟ್ಟಿಯಾಗಿ ಗಾಜನ್ನು ಹಿಡಿದುಕೊಂಡಿತ್ತು. ಎಡಗಡೆ ಹಳೇ ಮಷಿನ್ ತೆಗೆಯುವಾಗ ಹೇಗೂ ಬಿಚ್ಚಿದ್ದೇನಲ್ಲ ಅಂತ ಹೊಸ ಚಾನೆಲ್ ಹಾಕಿದ್ದೆ. ಬಲಗಡೆ ಸೋಮಾರಿತನ ಮಾಡಿದ್ದೆ. ಎರಡು, ವೈರು. ಎಲೆಕ್ಟ್ರಿಷಿಯನ್ ಒಬ್ಬರು ಬಲಗಡೆಗೆ ಹಳೇ ಫ್ಯೂಸ್ ಡಬ್ಬಿಯಿಂದಲೇ ತೆಳ್ಳನೆಯ ವೈರು ಎಳೆದಿದ್ದರು. ಗಾಜು ಏರುವಾಗ ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.3 ವೋಲ್ಟ್, ಮೋಟಾರಿನ ಹತ್ತಿರ 9.8! ಒಂದು ದಿನ ಡ್ಯಾಶ್‌ಬೋರ್ಡ್ ಕೆಳಗಿಂದ ಸುಟ್ಟ ವಾಸನೆಯೂ ಬಂತು. ಇಂಥ ಮೋಟಾರು ಗಾಜು ಏರಿಸುವಾಗ ಆರೇಳು ಆಂಪಿಯರ್ ಎಳೆದರೂ, ಗಾಜು ಸಿಕ್ಕಿಕೊಂಡರೆ ಇಪ್ಪತ್ತರ ಹತ್ತಿರ ಹೋಗಬಹುದು. ಅದನ್ನು ತಡೆಯಲು ಆ ವೈರಿಗೆ ಎಲ್ಲಿ ಶಕ್ತಿ?

ಪೂರ್ತಿ ಕಿತ್ತು ಬ್ಯಾಟರಿಯಿಂದಲೇ ಬೇರೆ ಲೈನ್ ತಂದೆ. 2.5 ಚದರ ಮಿಲಿಮೀಟರ್ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಕೀ ತಿರುಗಿಸಿದರೆ ಮಾತ್ರ ಕರೆಂಟು ಬಿಡುವ ಒಂದು 30 ಆಂಪಿಯರ್ ರಿಲೇ. ಬಲಗಡೆಗೂ ಹೊಸ ಚಾನೆಲ್ ಹಾಕಿ ಸಿಲಿಕೋನ್ ಸ್ಪ್ರೇ ಹೊಡೆದೆ. ಗ್ರೀಸ್ ಬೇಡ, ಧೂಳು ಹಿಡಿಯುತ್ತದೆ. ಎಣ್ಣೆ ಹಾಕಿದರೆ ರಬ್ಬರು ಉಬ್ಬುತ್ತದೆ. ಆಮೇಲೆ ನೋಡಿದರೆ 9 ಸೆಕೆಂಡು ಇದ್ದದ್ದು 6ಕ್ಕೆ ಇಳಿದಿತ್ತು. ಒಂದು ಸೆಕೆಂಡಿನ ವ್ಯತ್ಯಾಸಕ್ಕಾಗಿ ಬಾಗಿಲಿನ ಹೊಟ್ಟೆ ಖಾಲಿ ಮಾಡಬೇಕಿತ್ತಾ ಅಂತ ಆಗ ಅನ್ನಿಸಿತು.

ಯಾಕೆಂದರೆ ಕೇಬಲ್ ಕಿಟ್ಟಿನ ಹಳಿ ಕೂರಿಸಲು ಎಡಬಾಗಿಲಿಗೆ ನಾಲ್ಕು ಹೊಸ ತೂತು ಕೊರೆದಿದ್ದೇನೆ. ಬಣ್ಣ ಬಳಿದಿದ್ದೇನೆ, ಆದರೂ ತುಕ್ಕಿನ ಭಯ ಇದ್ದೇ ಇದೆ. ಜೊತೆಗೆ ಗಾಜನ್ನು ಒಂದೇ ಜಾಗದಲ್ಲಿ ಎತ್ತುವುದರಿಂದ ಮೇಲೆ ಹೋಗುವಾಗ ಕೊಂಚ ವಾಲುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಅರ್ಧ ಇಳಿಸಿದ ಗಾಜು ಗಡಗಡ ಅನ್ನುತ್ತದೆ. ಬಲಗಡೆಯದು ಗಪ್‌ಚಿಪ್.

ಮೂರನೇ ದಾರಿಯೂ ಒಂದಿದೆ. ಮಂಡ್ಯದ ಗೆಳೆಯ ತನ್ನ ಇಸುಜು ಎಂಜಿನ್ನಿನ ಅಂಬಾಸಿಡರ್‌ಗೆ ಗುಜರಿಯಿಂದ ಮಾರುತಿ ಎಸ್ಟೀಮ್ ಕಾರಿನ ಪವರ್ ವಿಂಡೋ ಮೋಟಾರ್ ತಂದು ವೆಲ್ಡ್ ಮಾಡಿಸಿದ್ದಾನೆ. ಅಗ್ಗ. ಮೋಟಾರೂ ಗಟ್ಟಿ. ಆದರೆ ಕೆಟ್ಟರೆ ಆ ವೆಲ್ಡರ್ ಬಿಟ್ಟು ಇನ್ಯಾರಿಗೂ ತಿಳಿಯೋದಿಲ್ಲ. ನುರಿತ ಕೈ ಗೊತ್ತಿದ್ದರೆ ಮಾತ್ರ ಅದರ ತಂಟೆಗೆ ಹೋಗಿ.

ಅವನ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಇದೆ, ಅವನಿಗೆ ಕರೆಂಟಿನ ಚಿಂತೆಯಿಲ್ಲ. ನಮ್ಮದರಲ್ಲಿ ಇನ್ನೂ ಡೈನಮೋ. ಸಿಗ್ನಲ್‌ನಲ್ಲಿ ನಿಂತಾಗ ಅದು ಚಾರ್ಜೇ ಮಾಡುವುದಿಲ್ಲ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಎರಡೂ ಗಾಜು ಒಟ್ಟಿಗೆ ಏರಿಸಿದರೆ ಬೆಳಕು ದೀಪಾವಳಿಯ ಹಣತೆ. ಒಂದಾದ ಮೇಲೆ ಒಂದು ಏರಿಸಿ ಅಂತ ಅಪ್ಪನಿಗೆ ಹೇಳಿಕೊಟ್ಟಿದ್ದೇನೆ.

ಹಿಂದಿನ ಬಾಗಿಲುಗಳಿಗೆ ಮೋಟಾರ್ ಬೇಡವೆಂದೆ. ನಾನು ತಂದ ಎರಡೂ ಕಿಟ್ಟಿನಲ್ಲಿ ಬೆರಳು ಸಿಕ್ಕಿದರೆ ನಿಲ್ಲುವ ವ್ಯವಸ್ಥೆ ಇಲ್ಲ, ಅಕ್ಕನ ಮಗಳು ಕೂರುವುದೂ ಅಲ್ಲೇ. ಅಲ್ಲಿ ಬರೀ ಚಾನೆಲ್ ಬದಲಿಸಿದೆ. ಹ್ಯಾಂಡಲ್ ಈಗ ಎರಡೇ ಬೆರಳಲ್ಲಿ ಸುತ್ತುತ್ತದೆ. ಅದನ್ನು ಸುತ್ತಿ ನೋಡಿದ ಅಪ್ಪ, "ಮುಂದಿನದೂ ಮೊದಲೇ ಹೀಗೆ ಮಾಡಿದ್ದಿದ್ರೆ ಸಾಕಿತ್ತಲ್ಲೋ" ಅಂದರು. ನಾನು ಸುಮ್ನೆ ಸ್ಪ್ಯಾನರ್ ಒರೆಸುತ್ತಾ ನಿಂತೆ. ಎಡಗಡೆಯ ಹಳೇ ಮಷಿನ್ ಅಟ್ಟದ ಮೇಲೆ ಗೋಣಿಚೀಲದಲ್ಲಿದೆ. ಮಳೆಗಾಲ ಮುಗಿದ ಮೇಲೆ ಅದನ್ನೇ ಮತ್ತೆ ಕೂರಿಸಿ, ಬಲಗಡೆಯಂಥದ್ದೇ ಮೋಟಾರ್ ಹಾಕುತ್ತೇನೆ. ಲೇತ್‌ನವರಿಗೆ ಇನ್ನೊಂದು ಬುಷ್ ಹೇಳಿಯಾಗಿದೆ.