ಕುರಿ ದಡ್ಡಿಗಿ ಹಾಕೋ ಸೋಲಾರ್ ಮಿಣಮಿಣ ಲೈಟ್, ಡಬ್ಬಿ ಮ್ಯಾಲ ಆಸ್ಟ್ರೇಲಿಯಾದ ಕಾಡು ನಾಯಿ ಡಿಂಗೋ, ಎದುರಿಗಿ ನಮ್ ತ್ವಾಳ

ಶಹಾಪುರ ಕಡಿ ತೊಗರಿ ರಾಶಿ ಆದಮ್ಯಾಗ ಹೊಲ್ದಾಗ ಕುರಿ ತರುಬ್ತಾರಲ್ರಿ, ನಮ್ ಮಾವಂದೂ ಒಂದ್ ಹಿಂಡ ಅದ, ರಾತ್ರಿ ತ್ವಾಳದ ಕಾಟ ಭಾಳ ಆಯ್ತಂತ ಈ ಲೈಟ್ ಆನ್‌ಲೈನ್ ತರ್ಸಿದ್ವಿ. 5ಕ್ಕ 3 ಸ್ಟಾರ್ ಕೊಡ್ತೀನಿ, ಯಾಕಂತ ಹೇಳ್ತೀನಿ.

ಕತ್ತಲಾದ ಕೂಡ್ಲೆ ತಾನೇ ಹತ್ತತದ, ಬಿಳಿ ನೀಲಿ ಕೆಂಪು ಲೆಕ್ಕ ಸಿಗದಂಗ ಮಿಣುಕ್ತದ, ದೂರಿಂದ ಯಾರೋ ಬ್ಯಾಟ್ರಿ ಹಿಡ್ಕೊಂಡು ಅಡ್ಡಾಡ್ಲತ್ತಾರ ಅನ್ಸ್ತದ. ರೋಡ್ ಮ್ಯಾಲಿನ ಬೈಕಿನೋರು ಪೊಲೀಸ್ ಚೆಕಿಂಗ್ ಅದ ಅಂತ ಗಾಡಿ ತಿರುಗ್ಸ್ಕೊಂಡ್ ಹೋಗ್ಯಾರ, ಅದೊಂದು ಫ್ರೀ ಮಜಾ.

ಡಬ್ಬಿ ಮ್ಯಾಲ ಡಿಂಗೋ ಚಿತ್ರ ನೋಡಿ ಮಾವ ಇದೇನು ನಮ್ಮೂರ ಕೆಂಚ ನಾಯಿ ಅದಲ್ಲೋ ಅಂದ. ಹಂಗ ಕಾಣ್ತದ ಖರೆ, ಆದ್ರ ಅದು ಸಾವಿರಾರು ವರ್ಷದ ಹಿಂದ ಮನುಷ್ಯರ ಜೊತಿ ಆಸ್ಟ್ರೇಲಿಯಾಕ್ಕ ಹೋಗಿ ಅಲ್ಲೇ ಕಾಡು ಬಿದ್ದ ಜಾತಿ, ಮರಳುಗಾಡು, ಹುಲ್ಲುಗಾವಲು, ಅಡವಿ, ಸಮುದ್ರದ ದಂಡಿ ಎಲ್ಲಾ ಕಡಿ ಬದುಕ್ತದ, ಅಲ್ಲಿನ ಟ್ಯಾಸ್ಮೇನಿಯಾ ದ್ವೀಪದಾಗ ಮಾತ್ರ ಇಲ್ಲ. ಬೊಗಳೋದು ಕಮ್ಮಿ, ಊಳಿಡೋದೇ ಜಾಸ್ತಿ. ಭಾಳಷ್ಟು ಸಾಕು ನಾಯಿ ಹಂಗ ವರ್ಷಕ್ಕ ಎರಡ್ ಸಲ ಅಲ್ಲ, ಒಂದೇ ಸಲ ಮರಿ ಹಾಕ್ತದ, ಅದೂ ಟೊಳ್ಳು ಬೊಡ್ಡಿ, ಕಲ್ಲಿನ ಗವಿ, ಇಲ್ಲಾ ಮೊಲದ ಬಿಲ ಅಗಲ ಮಾಡ್ಕೊಂಡು. ಮೊಲ ಗಿಲ ಅಂದ್ರ ಒಂಟಿ ಹೋಗ್ತದ, ದೊಡ್ಡ ಕಾಂಗರೂ ಅಂದ್ರ ಗುಂಪು ಕಟ್ತಾವ. ಕುರಿ ಹಿಂಡಿಗಿ ನುಗ್ಗಿದ್ರ ತಿನ್ನೋಕಿಂತ ಕೊಂದು ಬಿಡೋದೇ ಜಾಸ್ತಿ, ಈ ಚಾಳಿ ನಮ್ ತ್ವಾಳಕ್ಕೂ ಅದ. ಅದಕ್ಕಂತನೇ ಅಲ್ಲಿ 5,600 ಕಿಲೋಮೀಟರ್ ಹತ್ರ ಉದ್ದದ ಬೇಲಿ ಇಟ್ಕೊಂಡಾರ, ಕ್ವೀನ್ಸ್‌ಲ್ಯಾಂಡಿಂದ ದಕ್ಷಿಣ ಆಸ್ಟ್ರೇಲಿಯಾ ಸಮುದ್ರದ ತನಕ. ನಮ್ ಕುರಿಗಾರರು ಎಲ್ಲಿಂದ ಬೇಲಿ ತರ್ಬೇಕು, ಇವತ್ತ ಈ ಹೊಲ ನಾಳಿ ಆ ಹೊಲ.

ಈಗ ಮುಖ್ಯ ಸುದ್ದಿ. ಡಿಂಗೋ ಆಗ್ಲಿ ತ್ವಾಳ ಆಗ್ಲಿ ಹೊಸ ವಸ್ತು ಕಂಡ್ರ ಮೊದ್ಲು ಹೆದರ್ತಾವ, ಆಮ್ಯಾಲ ಏನೂ ಆಗಂಗಿಲ್ಲ ಅಂತ ಗೊತ್ತಾದ್ರ ಮುಗೀತು. ನಾವು ದಿನಾ ದಡ್ಡಿ ಬದ್ಲಿ ಮಾಡ್ತೀವಿ, ಮಾವ ಲೈಟಿನ ಗೂಟಾನೂ ಎತ್ತರ ಕಮ್ಮಿ ಜಾಸ್ತಿ ಮಾಡ್ತಾನ, ಹಿಂಗಾಗಿ ನಮಗ ಛಲೋ ನಡದದ. ಮನಿ ಹಿತ್ತಲ ಶೆಡ್ಡಿನ್ಯಾಗ ಕಾಯಂ ಒಂದೇ ಕಡಿ ನೇತಹಾಕೋರು ತಗೊಂಡ್ರ ಸ್ವಲ್ಪ ದಿನದಾಗ ಡೆಕೊರೇಷನ್ ಲೈಟ್ ಆಗ್ತದ ನೋಡ್ರಿ. ಲೈಟ್ ಬಂತಂತ ಕಾವಲು ನಾಯಿ ಬಿಡಬ್ಯಾಡ್ರಿ ಮತ್ತ, ಆಸ್ಟ್ರೇಲಿಯಾದಾಗೂ ಇಟಲಿ ಮೂಲದ ಮರೆಮ್ಮಾ ನಾಯಿನ ಮರಿ ಇದ್ದಾಗಿಂದ ಕುರಿ ಜೊತಿ ಬೆಳಸಿ ಕಾವಲಿಗಿ ಇಡ್ತಾರ.

ಸತ್ತ ಕುರಿಗಿ ವಿಷ ಹಚ್ಚಿ ಇಡೋರಿಗಿ ಒಂದ್ ಮಾತು, ತ್ವಾಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆದಾಗ ಶೆಡ್ಯೂಲ್ 1, ಅಂದ್ರ ಎಲ್ಲಕ್ಕಿಂತ ಹೆಚ್ಚು ರಕ್ಷಣೆ ಇರೋ ಪಟ್ಟಿ ಪ್ರಾಣಿ, ಕೇಸ್ ಆಗ್ತದ, ಮತ್ತ ಆ ವಿಷ ಮೊದ್ಲು ತಿನ್ನೋದು ನಿಮ್ ನಾಯಿನೇ. ಒಂದು ಮರಿ ರೇಟಿಗಿಂತ ಕಮ್ಮಿ ರೊಕ್ಕಕ್ಕ ಈ ಲೈಟ್ ಬರ್ತದ.

ಎರಡ್ ಸ್ಟಾರ್ ಕಡಿದಿದ್ದು ಎದಕ್ಕಂದ್ರ ಮ್ಯಾಲಿನ ಕೊಂಡಿ ಬರೀ ಪ್ಲಾಸ್ಟಿಕ್, ಗಾಳಿಗಿ ಮುರೀತು, ಈಗ ತಂತಿ ಸುತ್ತೀವಿ. ಕುರಿ ಧೂಳು ಪ್ಯಾನಲ್ ಮ್ಯಾಲ ಕುಂತ್ರ ಚಾರ್ಜೇ ಏರಲ್ಲ, ದಿನಾ ಒರಸ್ಬೇಕು, ಈ ಮಾತು ಡಬ್ಬಿದಾಗ ಎಲ್ಲೂ ಬರ್ದಿಲ್ಲ. ತಗೊಳ್ಳೋರು ಎರಡು ತಗೊಳ್ರಿ, ಒಂದೇ ಹಚ್ಚಿದ್ರ ದಡ್ಡಿ ಆ ಕಡಿ ಮೂಲಿಗಿ ಬೆಳಕು ಕಾಣಂಗಿಲ್ಲ.